ವೈನರಿ ತೊಳೆನೀರು, ಮಳೆನೀರು ಎರಡಕ್ಕೂ ಒಂದೇ ಜೌಗು ಹಾಸು ಸಾಕಾ? (ನಂದಿ ತಪ್ಪಲು, ವರ್ಷಕ್ಕೆ 60,000 ಲೀಟರ್)

ದ್ರಾಕ್ಷಿತೋಟ_ದೊಡ್ಡಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ವರ್ಷಕ್ಕೆ ಸುಮಾರು 60,000 ಲೀಟರ್ ವೈನ್ ತೆಗೆಯುವ ಚಿಕ್ಕ ವೈನರಿ, ನಂದಿ ಬೆಟ್ಟದ ತಪ್ಪಲಲ್ಲಿದೆ. ಕೊಯ್ಲು ಫೆಬ್ರವರಿ, ಮಾರ್ಚ್. ಒಂದು ಲೀಟರ್ ವೈನಿಗೆ 4 ಲೀಟರ್ ತೊಳೆನೀರು ಬೀಳುತ್ತಿದೆ. ವರ್ಷಕ್ಕೆ 240 ಘನ ಮೀಟರ್ ಆಯಿತು, ಅದರಲ್ಲಿ ಅರ್ಧ ಕೊಯ್ಲಿನ 60 ದಿನದಲ್ಲೇ ಬರುತ್ತದೆ. ಸರಾಸರಿ ದಿನಕ್ಕೆ 2 ಘನ ಮೀಟರ್, ಹಣ್ಣು ಒತ್ತುವ ಭರಾಟೆಯ ದಿನ 4ಕ್ಕೆ ಏರುತ್ತದೆ. ಕೊಯ್ಲಿನ ನೀರಿನ ಲ್ಯಾಬ್ ರಿಪೋರ್ಟ್: ಪಿಎಚ್ 4.2, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 8,000 ಮಿ.ಗ್ರಾಂ, ತೇಲುವ ಘನವಸ್ತು 900 ಮಿ.ಗ್ರಾಂ. ಟ್ಯಾಂಕಿಗೆ ಕಾಸ್ಟಿಕ್ ಹಾಕಿ ತೊಳೆದ ದಿನ ಪಿಎಚ್ 11 ದಾಟುತ್ತದೆ.

ಇನ್ನು ಮಳೆ. ಹಣ್ಣು ಇಳಿಸುವ ಕಾಂಕ್ರೀಟ್ ಅಂಗಳ 600 ಚದರ ಮೀಟರ್, ಮೇಲೆ ಚಾವಣಿ ಇಲ್ಲ. ರಸ್ತೆ, ಪಾರ್ಕಿಂಗ್ 900. ಕಟ್ಟಡದ ಚಾವಣಿ 800. ಇಳಿಜಾರಿನ ದ್ರಾಕ್ಷಿ ತೋಟ 2 ಎಕರೆ, ಅದರ ಕೆಂಪು ನೀರೂ ಇದೇ ಕಡೆ ಇಳಿಯುತ್ತದೆ. ಕೆಳಗೆ ಹಳ್ಳ, ಅದು ಅರ್ಕಾವತಿಗೆ ಸೇರುತ್ತದೆ.

ಒಬ್ಬ ಕನ್ಸಲ್ಟೆಂಟ್ ಕೊಟ್ಟ ನಕ್ಷೆಯಲ್ಲಿ 150 ಚದರ ಮೀಟರಿನ ಒಂದೇ ಜಲ್ಲಿ ಹಾಸು (ಜಲ್ಲಿಯಲ್ಲಿ ಜೌಗು ಗಿಡ ನೆಟ್ಟು ಕೊಳೆನೀರು ಶುದ್ಧ ಮಾಡುವಂಥದ್ದು), ಎಲ್ಲ ನೀರೂ ಅದಕ್ಕೇ. ಇದು ನಡೆಯುತ್ತದಾ? ಅಳತೆ ಎಷ್ಟಿರಬೇಕು, ಯಾವ ಗಿಡ, ಯಾವ ಜಲ್ಲಿ, ತಿಳಿದವರು ಬಿಡಿಸಿ ಹೇಳಿ.

---

ಜೊಂಡುಹುಲ್ಲು

ಸರ್, ಒಂದೇ ಹಾಸಿಗೆ ಒಪ್ಪಬೇಡಿ. ಲೆಕ್ಕ ಮಾಡಿ ನೋಡಿ: ನಿಮ್ಮ 600 ಚದರ ಮೀಟರ್ ಅಂಗಳದ ಮೇಲೆ 50 ಮಿ.ಮೀ. ಮಳೆ ಬಿದ್ದರೆ 30 ಘನ ಮೀಟರ್ ನೀರು. ವೈನರಿಯ 15 ದಿನದ ನೀರು ಒಂದೇ ಗಂಟೆಯಲ್ಲಿ ಹಾಸಿಗೆ ನುಗ್ಗುತ್ತದೆ, ಅರ್ಧಂಬರ್ಧ ಕೊಳೆತದ್ದನ್ನೆಲ್ಲ ಎಬ್ಬಿಸಿಕೊಂಡು ಹಳ್ಳಕ್ಕೆ ಹೋಗುತ್ತದೆ.

ನಮ್ಮ ಕಡೆ ಒಂದು ಅನುಕೂಲ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕೊಯ್ಲು ಮುಗಿಯುತ್ತಿದ್ದಂತೆ ಚಳಿಗಾಲದ ಮಳೆ ಹಿಡಿಯುತ್ತದೆ. ಇಲ್ಲಿ ಏಪ್ರಿಲ್‌ನಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೊಮ್ಮೆ ಚಾಟನಿ (ಬಳ್ಳಿ ಸವರುವುದು) ಮಾಡುವುದರಿಂದ ಕೊಯ್ಲು ಬೇಸಿಗೆಗೆ ಬೀಳುತ್ತದೆ, ದೊಡ್ಡ ಮಳೆ ಹಸ್ತ, ಚಿತ್ತೆಯಲ್ಲಿ (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್) ಬರುತ್ತದೆ. ಕೊಳೆ ನೀರಿನ ಕಾಲವೇ ಬೇರೆ, ಮಳೆ ನೀರಿನ ಕಾಲವೇ ಬೇರೆ. ಹಾಗಾಗಿ ಎರಡು ದಾರಿ ಮಾಡಿ. ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಮಾರ್ಚಿನಲ್ಲಿ ಜೌಗಿನ ಗಿಡವನ್ನು ಉಳಿಸುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚರಂಡಿಗೆ ಏನು ಹೋಗುತ್ತಿದೆ ನೋಡಿ. 12% ಆಲ್ಕೋಹಾಲ್ ಇರುವ ಒಂದು ಲೀಟರ್ ವೈನಿನಲ್ಲಿ 95 ಗ್ರಾಂ ಎಥನಾಲ್ ಇರುತ್ತದೆ, ಅದೊಂದೇ ಸುಮಾರು 200 ಗ್ರಾಂ ಸಿಒಡಿ. ಸಿಹಿ ರಸವೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ 2 ಘನ ಮೀಟರ್, 8,000 ಮಿ.ಗ್ರಾಂ ಅಂದರೆ ದಿನಕ್ಕೆ 16 ಕೆ.ಜಿ. ಸಿಒಡಿ, ಅಂದರೆ 80 ಲೀಟರ್ ರಸ, ವೈನ್, ಗಸಿ ದಿನವೂ ಚರಂಡಿ ಪಾಲು. ಹಾಸು ಕಟ್ಟುವ ಮೊದಲು ಇದನ್ನು ಇಳಿಸಿ. ಟ್ಯಾಂಕಿನ ತಳದ ಗಸಿಯನ್ನು ಡ್ರಮ್ಮಿಗೆ ಬಗ್ಗಿಸಿ, ನೀರು ಬಿಡಬೇಡಿ. ನೆಲವನ್ನು ಮೊದಲು ರಬ್ಬರ್ ವೈಪರ್‌ನಿಂದ ಎಳೆದು, ಸಿಪ್ಪೆ ಬೀಜ ಎತ್ತಿ, ಆಮೇಲೆ ಪೈಪು ಹಿಡಿಯಿರಿ. ಪ್ರತಿ ಚರಂಡಿ ಬಾಯಿಗೂ 3 ಮಿ.ಮೀ. ತೂತಿನ ಸ್ಟೀಲ್ ಬುಟ್ಟಿ, ಕೊನೆಗೆ 1 ಮಿ.ಮೀ. ಜಾಲರಿ. ಫಿಲ್ಟರಿನ ಬಿಳಿ ಪುಡಿ ಒಂದು ಹಿಡಿಯೂ ಚರಂಡಿಗೆ ಬೀಳಬಾರದು, ಅದು ಜಲ್ಲಿಯ ಸಂದಿಗೆ ಸಿಮೆಂಟಿನಂತೆ ಕೂರುತ್ತದೆ.

ಇಷ್ಟು ಮಾಡಿದ ಮೇಲೂ ಸಿಒಡಿ 6,000 ಅಂತಲೇ ಹಿಡಿಯಿರಿ, ನೀರು ದಿನಕ್ಕೆ 3 ಘನ ಮೀಟರ್. ಈ ಸಾಂದ್ರತೆಯ ನೀರನ್ನು ನೇರ ಜಲ್ಲಿಗೆ ಬಿಟ್ಟರೆ ಒಂದೇ ಕೊಯ್ಲಿಗೆ ಹಾಸು ಕಟ್ಟಿಕೊಳ್ಳುತ್ತದೆ.

ಮೊದಲ ಹಂತ, 15 ಘನ ಮೀಟರಿನ ಸಮತೋಲನ ತೊಟ್ಟಿ. ಆಮ್ಲದ ನೀರು, ಕಾಸ್ಟಿಕ್ ನೀರು ಇಲ್ಲೇ ಬೆರೆತು ಒಂದಕ್ಕೊಂದು ಸರಿಹೋಗಲಿ. ಭರಾಟೆಯ ದಿನ 4 ಬಂದರೂ ಮುಂದಕ್ಕೆ 3 ಮಾತ್ರ ಬಿಡಿ. ಪಿಎಚ್ 6.5ರಿಂದ 7.5ಕ್ಕೆ ತರಲು ಸುಣ್ಣದ ತಿಳಿ. ಎಷ್ಟು ಅಂತ ಪುಸ್ತಕ ನೋಡಿ ಹಾಕಬೇಡಿ: 20 ಲೀಟರ್ ಬಕೆಟ್ಟಿನಲ್ಲಿ ಅಳತೆ ಮಾಡಿ ಸುಣ್ಣದ ನೀರು ಹಾಕುತ್ತಾ ಕಲಕಿ, 15 ನಿಮಿಷ ಬಿಟ್ಟು ಪಿಎಚ್ ನೋಡಿ, 6.5 ಬಂದಾಗ ಗುಣಿಸಿ ತೊಟ್ಟಿಗೆ ಹಾಕಿ.

ಎರಡನೆಯದು ಗಾಳಿಯಿಲ್ಲದ ತೊಟ್ಟಿ, ಐದು ಕೋಣೆಯದು. ಪ್ರತಿ ಕೋಣೆ 1 ಮೀ × 1 ಮೀ, ನೀರಿನ ಆಳ 1.8 ಮೀ, ಒಟ್ಟು 9 ಘನ ಮೀಟರ್, ಮೂರು ದಿನದ ತಂಗು. ನೀರು ಪ್ರತಿ ಕೋಣೆಯ ತಳದಿಂದ ಮೇಲೇರಬೇಕು. ಗಂಟೆಗೆ ಅರ್ಧ ಘನ ಮೀಟರಿಗಿಂತ ಜೋರಾಗಿ ಪಂಪ್ ಮಾಡಿದರೆ ತಳದ ಕೆಸರು ಎದ್ದು ಹಾಸಿಗೆ ಬರುತ್ತದೆ. ಇಲ್ಲಿ 60-65% ಸಿಒಡಿ ಕಳೆದು 2,200ರ ಆಸುಪಾಸಿಗೆ ಇಳಿಯುತ್ತದೆ.

ಮೂರನೆಯದು ಮೇಲಿನಿಂದ ಕೆಳಕ್ಕೆ ಇಳಿಯುವ ಹಾಸು. 3 ಘನ ಮೀಟರ್ × 2.2 ಕೆ.ಜಿ. ಅಂದರೆ ದಿನಕ್ಕೆ 6.6 ಕೆ.ಜಿ. ಸಿಒಡಿ. ಚದರ ಮೀಟರಿಗೆ 25 ಗ್ರಾಂ ಲೆಕ್ಕದಲ್ಲಿ 264 ಚದರ ಮೀಟರ್. ಇದನ್ನು 66ರ ನಾಲ್ಕು ಹಾಸು ಮಾಡಿ. ಎರಡಕ್ಕೆ ಒಂದು ವಾರ ನೀರು, ಇನ್ನೆರಡಕ್ಕೆ ರಜೆ, ಮುಂದಿನ ವಾರ ಅದಲುಬದಲು. ಈ ರಜೆಯಲ್ಲೇ ಮೇಲಿನ ಲೋಳೆ ಒಣಗಿ ಸಂದಿ ಬಿಚ್ಚಿಕೊಳ್ಳುವುದು. ನಾಲ್ಕಕ್ಕೂ ದಿನವೂ ನೀರು ಬಿಟ್ಟರೆ ಎರಡನೇ ವರ್ಷಕ್ಕೇ ಮೇಲೆ ನೀರು ನಿಲ್ಲುತ್ತದೆ.

ಪದರ ತಳದಿಂದ: 20 ಸೆಂ.ಮೀ. 20 ಎಂಎಂ ಜಲ್ಲಿ, ಅದರೊಳಗೆ ತೂತಿನ 4 ಇಂಚು ಪೈಪು, ಪೈಪಿನ ತುದಿ ಮೇಲಕ್ಕೆತ್ತಿ ಗಾಳಿಗೆ ಬಿಡಿ. ಮೇಲೆ 10 ಸೆಂ.ಮೀ. 6ರಿಂದ 12 ಎಂಎಂ ಜಲ್ಲಿ. ಅದರ ಮೇಲೆ 50 ಸೆಂ.ಮೀ. ದಪ್ಪ ಮರಳು, ಕಾಳು 1ರಿಂದ 4 ಎಂಎಂ. ಮೇಲ್ಗಡೆ 5 ಸೆಂ.ಮೀ. ಬೇಬಿ ಜಲ್ಲಿ. ಎಂ-ಸ್ಯಾಂಡ್ ತಂದ ಹಾಗೇ ಸುರಿಯಬೇಡಿ. ಅದರ ಧೂಳೇ ಎಷ್ಟೋ ಹಾಸುಗಳನ್ನು ಕೊಂದಿದೆ. ಒಂದು ಲೀಟರ್ ಪಾರದರ್ಶಕ ಬಾಟಲಿಗೆ ಅರ್ಧ ಮರಳು, ಮೇಲೆ ನೀರು ತುಂಬಿ ಕುಲುಕಿ ಇಡಿ. ಒಂದು ನಿಮಿಷಕ್ಕೆ ಆಚೆ ಬದಿಯ ಕೈಬೆರಳು ಕಾಣದಿದ್ದರೆ ಇನ್ನೂ ತೊಳೆಯಬೇಕು. ಮರಳು, ಜಲ್ಲಿಯ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಡಿ, ಲೋಳೆ ಮೊದಲು ಕಟ್ಟುವುದು ಅಲ್ಲೇ.

ನೀರು ಹಂಚಲು 1 ಎಚ್‌ಪಿ ಸೀವೇಜ್ ಪಂಪು, ಹಾಸಿನ ಮೇಲೆ ಪಿವಿಸಿ ಪೈಪು, ಚದರ ಮೀಟರಿಗೆ ಒಂದರಂತೆ 6 ಎಂಎಂ ತೂತು. ಅರ್ಧ ಮೀಟರ್ ಒತ್ತಡದಲ್ಲಿ 66 ತೂತಿಗೆ ಸೆಕೆಂಡಿಗೆ 3.5 ಲೀಟರ್ ಬೇಕು, ಆದ್ದರಿಂದ ಒಮ್ಮೆಗೆ ಒಂದೇ ಹಾಸು. ಪೈಪಿನ ಪ್ರತಿ ತುದಿಗೂ ಬಿಚ್ಚುವ ಮುಚ್ಚಳ ಇರಲಿ, ವಾರಕ್ಕೊಮ್ಮೆ ತೆಗೆದು ನೀರು ಹರಿಸಿ. ಹೊಸ ನೀರು ಒಂದು ಪಾಲಾದರೆ ಹಾಸಿನಿಂದ ಇಳಿದ ನೀರು ಎರಡು ಪಾಲು ಪಂಪ್ ಗುಂಡಿಗೆ ವಾಪಸ್ ಬರಲಿ. ಆಗ ದಿನಕ್ಕೆ 9 ಘನ ಮೀಟರ್ ಆಗಿ, ಪ್ರತಿ ಹಾಸಿಗೂ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಸುಮಾರು 1,100 ಲೀಟರ್, ಐದಾರು ನಿಮಿಷದ ಪಂಪು.

ಕೊನೆಗೆ ಅಡ್ಡ ಹರಿಯುವ ಹಾಸು, 8 ಮೀ ಅಗಲ, 16 ಮೀ ಉದ್ದ, ಜಲ್ಲಿ 60 ಸೆಂ.ಮೀ., ನೀರು 50 ಸೆಂ.ಮೀ. ಬಾಯಿ ಮತ್ತು ತುದಿಯಲ್ಲಿ ಒಂದೊಂದು ಮೀಟರ್ 40-60 ಎಂಎಂ ಸೈಜು ಕಲ್ಲು, ನಡುವೆ 12-20 ಎಂಎಂ ಜಲ್ಲಿ. ಉದ್ದ ಜಾಸ್ತಿ, ಅಗಲ ಕಮ್ಮಿ ಮಾಡುವ ಆಸೆ ಬೇಡ, ಕೊಳೆಯೆಲ್ಲ ಕಿರಿದಾದ ಬಾಯಿಯಲ್ಲೇ ಕಟ್ಟುತ್ತದೆ. ತುದಿಯ ತೂಬಿನಲ್ಲಿ ತಿರುಗಿಸಿ ಎತ್ತರ ಬದಲಿಸಬಹುದಾದ ಮೊಣಕೈ ಪೈಪು ಇಡಿ.

ತಳಕ್ಕೆ 1 ಎಂಎಂ ಎಚ್‌ಡಿಪಿಇ ಹಾಳೆ, ಕೆಳಗೂ ಮೇಲೂ 200 ಜಿಎಸ್‌ಎಂ ಬಟ್ಟೆ. ಕೃಷಿ ಹೊಂಡದ 500 ಮೈಕ್ರಾನ್ ಹಾಳೆಯನ್ನು ಜಲ್ಲಿಯ ಚೂಪು ತೂತು ಮಾಡುತ್ತದೆ. ನಿಮ್ಮದು ಬಿರುಕು ಬಂಡೆಯ ನೆಲ, ಸೋರಿದ್ದು ನೇರ ಯಾರದೋ ಬೋರ್‌ವೆಲ್‌ಗೆ.

ಗಿಡ: ಇಳಿಯುವ ಹಾಸಿಗೆ ಕಾಬಾಳೆ ಮತ್ತು ಛತ್ರಿ ಹುಲ್ಲು, ಅಡ್ಡ ಹಾಸಿಗೆ ಜೊಂಡು. ಚದರ ಮೀಟರಿಗೆ ನಾಲ್ಕೈದು, ಜೂನ್-ಜುಲೈನಲ್ಲಿ ನೆಡಿ. ಬೇರು ಇಳಿಯಲು ಒಂದು ಮಳೆಗಾಲ ಪೂರ್ತಿ ಬೇಕು. ಜನವರಿಯಲ್ಲಿ ನೆಟ್ಟು ಫೆಬ್ರವರಿಯಲ್ಲಿ ವೈನರಿ ನೀರು ಕುಡಿಸಿದರೆ ಸುಟ್ಟು ಹೋಗುತ್ತವೆ.

---

ಕೋಡಿ_ತೂಬು

ಮಳೆ ಭಾಗ ನಾನು ಹೇಳುತ್ತೇನೆ.

ಅಂಗಳಕ್ಕೆ ಚಾವಣಿ ಹಾಕಿಸಿ. ಬೇರೆಲ್ಲ ಕೆಲಸಕ್ಕಿಂತ ಇದು ಮೊದಲು. ಆಗದಿದ್ದರೆ ಚರಂಡಿ ಕವಲೊಡೆಯುವಲ್ಲಿ ಎರಡು ಬಾಯಿಯ ಗುಂಡಿ, ಎರಡು ಗೇಟು: ಒಂದು ತೊಟ್ಟಿಗೆ, ಒಂದು ಮಳೆ ಕಾಲುವೆಗೆ. ಗೇಟು ತಿರುಗಿಸುವವರು ಯಾರು ಅಂತ ಒಬ್ಬರನ್ನೇ ಗೊತ್ತು ಮಾಡಿ. ಅಪಾಯದ ಕಾಲ ರೇವತಿ, ಅಶ್ವಿನಿ ಮಳೆ, ಮಾರ್ಚ್ ಕೊನೆಯಿಂದ ಏಪ್ರಿಲ್. ಕೊಯ್ಲಿನ ಜಿಗುಟು ಅಂಗಳದಲ್ಲಿ ಇನ್ನೂ ಇರುತ್ತದೆ, ಸಂಜೆ ಗುಡುಗು ಮಳೆ ಬಂದೇ ಬರುತ್ತದೆ. ಆಗ ಮೊದಲ 5 ಮಿ.ಮೀ., ಅಂದರೆ 3 ಘನ ಮೀಟರ್ ತೊಟ್ಟಿಗೆ ಹೋಗಲಿ, ಉಳಿದದ್ದು ಆಚೆ. ಹಿಂಡಿದ ಚರಟದ ರಾಶಿ ಕೂಡ ಸೂರಿನಡಿ, ಕಟ್ಟೆಯೊಳಗೆ ಇರಬೇಕು. ಅದರಿಂದ ಸೋರುವ ಕಂದು ನೀರು ವೈನರಿ ನೀರಿಗಿಂತ ಕೆಟ್ಟದ್ದು.

ಕಟ್ಟಡದ ಚಾವಣಿ ನೀರನ್ನು ಯಾವುದಕ್ಕೂ ಬೆರೆಸಬೇಡಿ. 800 ಚದರ ಮೀಟರ್, ವರ್ಷಕ್ಕೆ 700 ಮಿ.ಮೀ. ಮಳೆ ಹಿಡಿದರೂ 450 ಘನ ಮೀಟರ್ ಮೇಲೆ ಸಿಗುತ್ತದೆ. ಹಾಳೆ ಹಾಸಿದ ಕೃಷಿ ಹೊಂಡಕ್ಕೆ ಬಿಡಿ.

ತೋಟ ಮತ್ತು ರಸ್ತೆಯ ನೀರಿಗೆ ತೆರೆದ ಜೌಗು ಸಾಕು, ಜಲ್ಲಿ ಬೇಡ. 50 ಮಿ.ಮೀ. ಮಳೆಗೆ ತೋಟದಿಂದ ಸುಮಾರು 140 ಘನ ಮೀಟರ್ (ಮೂರರಲ್ಲೊಂದು ಪಾಲು ಹರಿಯುತ್ತದೆ ಅಂತ ಹಿಡಿದು), ಅಂಗಳ ರಸ್ತೆಯಿಂದ 67. ಮೊದಲು ಹೂಳು ಗುಂಡಿ, 30 ಘನ ಮೀಟರ್, ಆಳ 1.2 ಮೀ. ಇದರ ಪಕ್ಕಕ್ಕೆ ಜೆಸಿಬಿ ಬರುವ ದಾರಿ ಬಿಡಿ, ಇಲ್ಲದಿದ್ದರೆ ಹೂಳು ಎಂದೂ ತೆಗೆಯುವುದಿಲ್ಲ. ಮುಂದೆ 300 ಚದರ ಮೀಟರ್ ಜೌಗು, ಆಳ 15ರಿಂದ 40 ಸೆಂ.ಮೀ., ನಡುವೆ ಒಂದು ಮೀಟರ್ ಆಳದ ಒಂದು ಗುಂಡಿ. ಮಳೆ ಬಂದಾಗ ಇದರ ಮೇಲೆ ಇನ್ನೂ ಅರ್ಧ ಮೀಟರ್ ಏರಲು ಜಾಗ ಇಡಿ, 150 ಘನ ಮೀಟರ್ ನಿಲ್ಲುತ್ತದೆ. ಹೂಳು ಗುಂಡಿ ತುಂಬಿ ಮಿಕ್ಕದ್ದು ಕೋಡಿ ಬೀಳಲಿ, ಕೊಳೆ ಇರುವುದು ಮೊದಲ ನೀರಿನಲ್ಲಿ.

ನಿಂತದ್ದರಲ್ಲಿ ಬಹುಪಾಲು ಒಂದೂವರೆ ದಿನದಲ್ಲಿ ಇಳಿಯಲು ತೂಬಿನ ತೂತು 32 ಎಂಎಂ ಸಾಕು. ದೊಡ್ಡದು ಮಾಡಿದರೆ ಮಣ್ಣು ತಂಗುವ ಮೊದಲೇ ನೀರು ಹೋಗುತ್ತದೆ. ಅಷ್ಟು ಸಣ್ಣ ತೂತು ಎಲೆಗೆ ಕಟ್ಟಿಕೊಳ್ಳುವುದರಿಂದ 6 ಇಂಚು ಪೈಪಿಗೆ ತುಂಬ ತೂತು ಕೊರೆದು ಅದರ ಸುತ್ತ ನಿಲ್ಲಿಸಿ, ಪೈಪಿನ ಸುತ್ತ 40 ಎಂಎಂ ಜಲ್ಲಿ. ಕೋಡಿ ಕಲ್ಲುಕಟ್ಟಡದ್ದು, 2 ಮೀ ಅಗಲ. ಗಂಟೆಗೆ 75 ಮಿ.ಮೀ. ಮಳೆಯಲ್ಲೂ ಕೋಡಿ ಮೇಲೆ 9 ಸೆಂ.ಮೀ. ನೀರು ಹರಿಯುತ್ತದೆ ಅಷ್ಟೇ. ಏರಿ ಅದಕ್ಕಿಂತ 30 ಸೆಂ.ಮೀ. ಎತ್ತರ ಇರಲಿ. ಕೋಡಿಯ ಬುಡಕ್ಕೆ ಕಲ್ಲು ಹಾಸದಿದ್ದರೆ ಕೆಂಪು ಮಣ್ಣು ಮೊದಲ ವರ್ಷವೇ ಕೊರೆದು ಹೋಗುತ್ತದೆ.

ಅಂಚಿಗೆ ಲಾವಂಚದ ಎರಡು ಸಾಲು, 15 ಸೆಂ.ಮೀ. ಅಂತರ. ಒಳಗೆ ಜೊಂಡು. ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಗಡ್ಡೆ ಸಾಯುವುದಿಲ್ಲ. ಅಂತರಗಂಗೆ ಮಾತ್ರ ತರಬೇಡಿ, ಕೋಡಿ ಹರಿದ ದಿನ ಕೆಳಗಿನ ಕೆರೆಗೆಲ್ಲ ಹಬ್ಬುತ್ತದೆ.

ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ಆ ಮೈಲುತುತ್ತದ ತಾಮ್ರ ಮಣ್ಣಿನ ಕಣಕ್ಕೆ ಅಂಟಿ ಈ ಗುಂಡಿಗೆ ಬರುತ್ತದೆ. ಜೌಗು ಅದನ್ನು ಹಿಡಿದಿಡುತ್ತದೆ, ಇಲ್ಲವಾಗಿಸುವುದಿಲ್ಲ. ತೆಗೆದ ಹೂಳನ್ನು ಪರೀಕ್ಷೆ ಮಾಡಿಸದೆ ತರಕಾರಿಗೂ, ವಾಪಸ್ ದ್ರಾಕ್ಷಿಗೂ ಹಾಕಬೇಡಿ.

---

ಲ್ಯಾಬ್‌ಮೇಜು

ಜೊಂಡುಹುಲ್ಲು ಅವರ ಅಳತೆಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಗಾಳಿಯಿಲ್ಲದ ತೊಟ್ಟಿ ತಾನಾಗಿ ಕೆಲಸ ಮಾಡುವುದಿಲ್ಲ, ಅದನ್ನು ಸಾಕಬೇಕು.

ವೈನರಿ ನೀರಿನಲ್ಲಿ ಸಕ್ಕರೆ ಉಂಟು, ಸಾರಜನಕ, ರಂಜಕ ತೀರಾ ಕಮ್ಮಿ. 350 ಪಾಲು ಸಿಒಡಿಗೆ 5 ಪಾಲು ಸಾರಜನಕ, 1 ಪಾಲು ರಂಜಕ ಬೇಕು. ದಿನಕ್ಕೆ 18 ಕೆ.ಜಿ. ಸಿಒಡಿಗೆ 250 ಗ್ರಾಂ ಡಿಎಪಿ, 450 ಗ್ರಾಂ ಯೂರಿಯಾ ಅಂತ ಲೆಕ್ಕ ಬರುತ್ತದೆ. ಈಸ್ಟಿನಿಂದ ಸ್ವಲ್ಪ ಬರುವುದರಿಂದ ಅರ್ಧದಿಂದ ಶುರು ಮಾಡಿ. ನೋಡಲು ಬರುವವರ ಶೌಚಾಲಯ ಇದ್ದರೆ ಅದರ ಸೆಪ್ಟಿಕ್ ಟ್ಯಾಂಕ್ ನೀರನ್ನೇ ಇಲ್ಲಿಗೆ ಸೇರಿಸಿ, ಗೊಬ್ಬರದ ಖರ್ಚೇ ಬೀಳದಿರಬಹುದು. ಹಾಗೆ ಸೇರಿಸಿದರೆ ಕೊನೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾರಿಸಬೇಡಿ, ಡ್ರಿಪ್ ಮಾತ್ರ.

ಒಂಬತ್ತು ತಿಂಗಳು ಹಸಿದ ತೊಟ್ಟಿಗೆ ಫೆಬ್ರವರಿ 1ಕ್ಕೆ ಪೂರ್ತಿ ನೀರು ಬಿಟ್ಟರೆ ಹುಳಿಯಾಗುತ್ತದೆ. ಜನವರಿ ಮೊದಲ ವಾರ ಗೋಬರ್ ಗ್ಯಾಸ್‌ನಿಂದ ಹೊರಬಂದ ಬಗ್ಗಡ, ಹುಲ್ಲುಕಡ್ಡಿ ಸೋಸಿ, 2 ಘನ ಮೀಟರ್ ಹಾಕಿ. ಒತ್ತುವ ಕೆಲಸ ಶುರುವಾಗುವವರೆಗೆ ಡ್ರಮ್ಮಿನಲ್ಲಿಟ್ಟ ಗಸಿಯನ್ನು ನೀರು ಮಾಡಿ ಕೊಡಿ: ಐದರಲ್ಲೊಂದು ಪಾಲಿನಿಂದ ಆರಂಭಿಸಿ ನಾಲ್ಕು ವಾರದಲ್ಲಿ ಪೂರ್ತಿಗೆ ಏರಿಸಿ. ಕೊನೆಯ ಕೋಣೆಯ ಪಿಎಚ್ ದಿನವೂ ನೋಡಿ. 6.5ಕ್ಕಿಂತ ಇಳಿದರೆ ಎರಡು ದಿನ ನೀರು ನಿಲ್ಲಿಸಿ, ಸುಣ್ಣ ಸಮತೋಲನ ತೊಟ್ಟಿಗೆ ಹಾಕಿ, ಅರ್ಧದಿಂದ ಮತ್ತೆ ಏರಿಸಿ. ಬೆಣ್ಣೆ ಹಳಸಿದಂಥ ವಾಸನೆ ಬಂದರೆ ಮೀಟರಿಗಿಂತ ಮೊದಲೇ ವಿಷಯ ಗೊತ್ತಾಯಿತು ಅಂತ ತಿಳಿಯಿರಿ.

ಒಂದು ರಾತ್ರಿ 200 ಲೀಟರ್ ಗಸಿ ಚರಂಡಿಗೆ ಬಿಟ್ಟರೆ 40 ಕೆ.ಜಿ. ಸಿಒಡಿ, ಸುಮಾರು ಎರಡು ದಿನದ ಊಟ ಒಂದೇ ತುತ್ತಿಗೆ. ಕೆಲಸದವರಿಗೆ ಇದನ್ನು ತಿಳಿಸಿ ಹೇಳಿ, ಬೈದು ಪ್ರಯೋಜನವಿಲ್ಲ. ಸಲ್ಫೈಟ್ ನೀರು, ಸ್ಯಾನಿಟೈಸರ್ ನೀರನ್ನೂ ಒಮ್ಮೆಗೇ ಬಿಡದೆ ಬೇರೆ ಡ್ರಮ್ಮಿನಿಂದ ಸ್ವಲ್ಪಸ್ವಲ್ಪವಾಗಿ ತೊಟ್ಟಿಗೆ ಬೆರೆಸಿ.

ತೊಟ್ಟಿಯಿಂದ ದಿನಕ್ಕೆ 3-4 ಘನ ಮೀಟರ್ ಮೀಥೇನ್ ಬರುವ ಲೆಕ್ಕ, ಜೊತೆಗೆ ಸಲ್ಫೈಟಿನಿಂದ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು. ಗಾಳಿ ಪೈಪು ಸೂರಿಗಿಂತ ಎತ್ತರಕ್ಕೆ ಹೋಗಲಿ, ಹತ್ತಿರ ಬೀಡಿ, ವೆಲ್ಡಿಂಗ್ ಬೇಡ. ಯಾವ ಕಾರಣಕ್ಕೂ ಮನುಷ್ಯರನ್ನು ಒಳಗೆ ಇಳಿಸಬೇಡಿ. ಆ ಗ್ಯಾಸು ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯದೆ ಹೋಗುತ್ತದೆ. ಕೆಸರು ತೆಗೆಯುವುದು ಮೇಲಿನಿಂದ ಸಕ್ಕರ್ ಗಾಡಿಯ ಪೈಪಿನಲ್ಲಿ ಮಾತ್ರ.

---

ದ್ರಾಕ್ಷಿತೋಟ_ದೊಡ್ಡಬಳ್ಳಾಪುರ

ಮೂವರಿಗೂ ತುಂಬಾ ಧನ್ಯವಾದ. ಎರಡು ಸಂದೇಹ. ಕೊನೆಯ ನೀರನ್ನು ದ್ರಾಕ್ಷಿಗೇ ಕೊಡಬಹುದಾ? ಬೇರೆಡೆ ಇಂಥ ಹಾಸು ನೋಡಿದಾಗ ಮಾರ್ಚಿನಲ್ಲಿ ತೂಬಿನಿಂದ ನೀರೇ ಬರುತ್ತಿರಲಿಲ್ಲ, ಹಾಳೆ ಸೋರಿದ್ದಾ?

---

ಜೊಂಡುಹುಲ್ಲು

ಸೋರದೆಯೂ ಹಾಗಾಗುತ್ತದೆ ಸರ್. ಹಾಸು ಒಟ್ಟು 390 ಚದರ ಮೀಟರ್, ಬೇಸಿಗೆಯಲ್ಲಿ ಗಿಡ ಮತ್ತು ಬಿಸಿಲು ದಿನಕ್ಕೆ 6 ಮಿ.ಮೀ. ಕುಡಿದರೂ 2.3 ಘನ ಮೀಟರ್ ಹೋಯಿತು. 3 ಬಿಟ್ಟಿದ್ದರಲ್ಲಿ ಮುಕ್ಕಾಲು ಭಾಗ ಗಾಳಿ ಪಾಲು. ಸೋರಿಕೆಯೋ ಅಲ್ಲವೋ ತಿಳಿಯಲು ಗಿಡ ನೆಡುವ ಮೊದಲೇ ನೀರು ತುಂಬಿ, ಮೇಲೆ ಟಾರ್ಪಾಲ್ ಮುಚ್ಚಿ ಮೂರು ದಿನ ಗುರುತು ನೋಡಿ.

ತೊಂದರೆ ಇರುವುದು ಉಪ್ಪಿನಲ್ಲಿ. ನೀರು ಹಾರಿ ಉಪ್ಪು ಉಳಿದು ನಾಲ್ಕು ಪಟ್ಟು ಗಟ್ಟಿಯಾಗುತ್ತದೆ, ಕಾಬಾಳೆಯ ಎಲೆ ಅಂಚು ಸುಡುವುದು ಆಗಲೇ. ಚಾವಣಿ ನೀರಿನ ಹೊಂಡ ಇದಕ್ಕೇ ಬೇಕಾದದ್ದು. ಫೆಬ್ರವರಿಯಿಂದ ಮೇ ತನಕ ದಿನಕ್ಕೆ 1.5 ಘನ ಮೀಟರ್ ಹೊಂಡದ ನೀರು ಅಡ್ಡ ಹಾಸಿನ ಬಾಯಿಗೆ ಬಿಡಿ. ನಾಲ್ಕು ತಿಂಗಳಿಗೆ 180 ಘನ ಮೀಟರ್, ಹೊಂಡದಿಂದ ಹಾರಿಹೋಗುವುದನ್ನೂ ಸೇರಿಸಿ 400 ಘನ ಮೀಟರಿನ ಹೊಂಡ ಮಾಡಿ. ಏಪ್ರಿಲ್‌ನಲ್ಲಿ ವೈನರಿ ನೀರು ಅರ್ಧ ಘನ ಮೀಟರಿಗೆ ಇಳಿದಾಗಲೂ ಗಿಡ ಬದುಕುವುದು ಇದರಿಂದಲೇ.

---

ಲ್ಯಾಬ್‌ಮೇಜು

ದ್ರಾಕ್ಷಿಗೆ ಬೇಡ. ಈ ನೀರಿನಲ್ಲಿ ದ್ರಾಕ್ಷಿಯದೇ ಪೊಟ್ಯಾಷಿಯಂ ಧಾರಾಳವಾಗಿ ಇರುತ್ತದೆ. ಅದು ಮತ್ತೆ ಬಳ್ಳಿಗೆ ಹೋಗಿ ಹಣ್ಣಿನಲ್ಲಿ ಸೇರಿದರೆ ರಸದ ಪಿಎಚ್ ಏರಿ ವೈನ್ ಸಪ್ಪೆಯಾಗುತ್ತದೆ. ನೇಪಿಯರ್ ಹುಲ್ಲಿಗೆ, ಹೆಬ್ಬೇವಿಗೆ ಕೊಡಿ. ನೇಪಿಯರ್ ಕೊಯ್ದು ಸಾಗಿಸಿದಷ್ಟೂ ಪೊಟ್ಯಾಷಿಯಂ ಜಮೀನಿನಿಂದ ಹೊರಹೋಗುತ್ತದೆ. ಕಾಸ್ಟಿಕ್ ಸೋಡಾ ಬದಲು ಕಾಸ್ಟಿಕ್ ಪೊಟ್ಯಾಷ್ ಬಳಸಿದರೆ ಸೋಡಿಯಂ ಇಳಿಯುತ್ತದೆ. ಸೋಡಿಯಂ ಸೇರಿದ ಮಣ್ಣು ಮಳೆಗೆ ಹೆಪ್ಪುಗಟ್ಟಿ ನೀರು ಇಂಗಿಸುವುದಿಲ್ಲ. ದುಬಾರಿಯಾದರೂ ನನ್ನ ಮತ ಪೊಟ್ಯಾಷಿಗೇ.

ಜಮೀನಿಗೆ ಬಿಡಲು ಪರಿಸರ ನಿಯಮದ ಸಾಮಾನ್ಯ ಮಿತಿ: ಬಿಒಡಿ (ಸೂಕ್ಷ್ಮಜೀವಿಗಳು ಕೊಳೆ ತಿನ್ನಲು ಬಳಸುವ ಆಮ್ಲಜನಕದ ಅಳತೆ) 100, ತೇಲುವ ಘನವಸ್ತು 200 ಮಿ.ಗ್ರಾಂ, ಪಿಎಚ್ 5.5ರಿಂದ 9. ಹಳ್ಳಕ್ಕೆ ಬಿಡುವುದಾದರೆ ಬಿಒಡಿ 30, ಸಿಒಡಿ 250, ಘನವಸ್ತು 100. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿ ಬರೆದಿದ್ದರೆ ಅದೇ ಅಂತಿಮ. ಬಣ್ಣ ಪೂರ್ತಿ ಹೋಗುವುದಿಲ್ಲ, ಟ್ಯಾನಿನ್‌ನಿಂದ ತಿಳಿ ಚಹಾದಂತೆ ಇರುತ್ತದೆ. ಕಬ್ಬಿಣದ ಪೈಪು ಮುಟ್ಟಿದರೆ ಶಾಯಿಯಂತೆ ಕಪ್ಪಾಗುತ್ತದೆ, ಎಲ್ಲ ಕಡೆ ಪಿವಿಸಿಯೇ ಇರಲಿ.

ತಿಂಗಳಿಗೊಮ್ಮೆ ಇಳಿಯುವ ಹಾಸಿನಲ್ಲಿ ಒಂದು ಗೇಣು ಆಳ ಕೈಯಲ್ಲಿ ಬಗೆದು ನೋಡಿ. ಮರಳು ಕಂದು, ಮಣ್ಣಿನ ವಾಸನೆ ಇದ್ದರೆ ಸರಿ. ಕಪ್ಪಗೆ, ಮೊಟ್ಟೆ ಕೊಳೆತ ವಾಸನೆ ಬಂದರೆ ಆ ಹಾಸಿಗೆ ಅಂದೇ ನೀರು ನಿಲ್ಲಿಸಿ, ಎರಡರಿಂದ ಮೂರು ವಾರ ರಜೆ ಕೊಡಿ, ಮೇಲಿನ 5 ಸೆಂ.ಮೀ. ಜಲ್ಲಿ ಕುಂಟೆಯಿಂದ ಕೆದಕಿ ಒಣಗಿಸಿ. ಮತ್ತೆ ನೀರು ಬಿಟ್ಟಾಗ ಒಂದು ಸಲದ ನೀರು ಹತ್ತು ನಿಮಿಷದೊಳಗೆ ಇಂಗಬೇಕು. ಇಂಗದಿದ್ದರೆ ಮೇಲಿನ 10 ಸೆಂ.ಮೀ. ಮರಳು ತೆಗೆದು ಬೇರೆ ತೊಳೆದ ಮರಳು ಹಾಕಬೇಕು.